ಡಿಮೆನ್ಷಿಯಾ ಬಂದ ಮೇಲೂ ಹೊರಗಿನ ಒಡನಾಟ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ನೆನಪು, ಗ್ರಹಿಕೆ, ನಡವಳಿಕೆಗಳನ್ನು ಕ್ರಮೇಣ ಕುಗ್ಗಿಸುವ ಮೆದುಳಿನ ಕಾಯಿಲೆಯಾದ ಡಿಮೆನ್ಷಿಯಾ ಕುರಿತು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಔಷಧಿಯ ವಿಚಾರಕ್ಕಿಂತಲೂ ಹೆಚ್ಚಾಗಿ ಕಾಣುವ ಪ್ರಶ್ನೆಯೊಂದಿದೆ. ಈ ಕಾಯಿಲೆ ಇರುವವರನ್ನು ಹೊರಗೆ ಕಳುಹಿಸಬಹುದೇ, ನಾಲ್ಕು ಜನರ ನಡುವೆ ಕರೆದೊಯ್ಯಬಹುದೇ ಎಂಬುದೇ ಆ ಪ್ರಶ್ನೆ. ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಅಷ್ಟೊಂದು ಜನರಲ್ಲಿ ಮದುವೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ, ವಾಚನಾಲಯಗಳಲ್ಲಿ ನಮ್ಮ ಕಣ್ಣಿಗೆ ಬೀಳುವವರು ಎಷ್ಟು ಕಡಿಮೆ ಎಂದು ಯೋಚಿಸಿದರೆ, ಕಾಯಿಲೆಯು ಅವರನ್ನು ಮನೆಯಲ್ಲಿ ಕೂರಿಸುವುದಕ್ಕಿಂತ ಬಹಳ ಮೊದಲೇ ನಾವು ಕೂರಿಸಿಬಿಡುತ್ತಿದ್ದೇವೆ ಎಂಬುದು ಸ್ಪಷ್ಟವಾಗುತ್ತದೆ. ಈ ಸಲ ಆಯ್ದುಕೊಂಡ ಐದು ಪತ್ರಗಳೂ ಇದೇ ವಿಷಯಕ್ಕೆ ಸಂಬಂಧಿಸಿದವು. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಮಾನ್ಯ ಡಾಕ್ಟರರೇ, ನಾನು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕನಾಗಿದ್ದು ನಿವೃತ್ತನಾದವನು, ವಯಸ್ಸು 68. ನನಗೆ ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಝೈಮರ್ ಕಾಯಿಲೆಯ ಆರಂಭದ ಹಂತವೆಂದು ಕಳೆದ ವರ್ಷ ವೈದ್ಯರು ಹೇಳಿದರು. ದಿನವೂ ಬೆಳಿಗ್ಗೆ ಗೆಳೆಯರೊಂದಿಗೆ ವಾಯುವಿಹಾರಕ್ಕೆ ಹೋಗುತ್ತಿದ್ದೆ; ತಿಂಗಳಿಗೆರಡು ಸಲ ನಡೆಯುವ ಕಾವ್ಯವಾಚನ ಕೂಟದ ಕಾರ್ಯದರ್ಶಿಯೂ ನಾನೇ ಆಗಿದ್ದೆ. ಈಗ ಮಾತಿನ ನಡುವೆ ಹೆಸರುಗಳು ನೆನಪಾಗುವುದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುತ್ತೇನೆಂದು ಎದುರಿನವರ ಮುಖ ನೋಡಿದಾಗ ತಿಳಿಯುತ್ತದೆ. ಹೀಗಾಗಿ ಎರಡೂ ಕಡೆ ಹೋಗುವುದನ್ನು ಬಿಟ್ಟಿದ್ದೇನೆ. ಗೆಳೆಯರಿಗೆ ವಿಷಯ ತಿಳಿಸಬೇಕೇ? ಮತ್ತೆ ಹೋಗುವುದರಿಂದ ನನಗೆ ನಿಜವಾಗಿ ಪ್ರಯೋಜನವಿದೆಯೇ? – ನಿವೃತ್ತ ಶಿಕ್ಷಕ, ಧಾರವಾಡ

ಉತ್ತರ: ಗುರುಗಳೇ, ಕಾಯಿಲೆ ಇರುವವರೇ ತಮ್ಮ ವಿಷಯವನ್ನು ತಾವೇ ಬರೆದು ಕೇಳುವುದು ಅಪರೂಪ. ನಿಮ್ಮ ಪತ್ರದ ಸ್ಪಷ್ಟತೆಯನ್ನು ನೋಡಿದರೆ, ನೀವು ಬಿಟ್ಟಿರುವ ಎರಡು ಚಟುವಟಿಕೆಗಳೂ ಈಗಲೂ ನಿಮ್ಮ ಕೈಗೆ ಎಟಕುವಂಥವೇ ಎಂದು ನನಗೆ ಅನಿಸುತ್ತದೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಜನರೊಂದಿಗೆ ಬೆರೆಯುವುದರಿಂದ ಅಲ್ಝೈಮರ್ ಕಾಯಿಲೆ ವಾಸಿಯಾಗುವುದಿಲ್ಲ, ಅದರ ಮುನ್ನಡೆ ನಿಂತೂ ಹೋಗುವುದಿಲ್ಲ. ಹಾಗೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆದರೆ ಮನೆಯಲ್ಲೇ ಕುಳಿತವರಿಗೆ ಕಾಯಿಲೆಯ ಜೊತೆಗೆ ಖಿನ್ನತೆ, ನಿದ್ರೆಯ ಏರುಪೇರು ಮತ್ತು ಕೈಕಾಲುಗಳ ಬಲಹೀನತೆ ಸೇರಿಕೊಳ್ಳುತ್ತವೆ. ಹಾಗೆ ಸೇರಿಕೊಂಡ ತೊಂದರೆಗಳನ್ನೂ ಮನೆಯವರು ಮರೆವಿನ ಲೆಕ್ಕಕ್ಕೇ ಬರೆದು ಸುಮ್ಮನಾಗುತ್ತಾರೆ. ಡಿಮೆನ್ಷಿಯಾ ಇರುವವರಿಗಾಗಿ ಬ್ರಿಟನ್ನಿನಲ್ಲಿ ರೂಪುಗೊಂಡ, ವಾರಕ್ಕೆ ಎರಡರಂತೆ ಏಳು ವಾರ ನಡೆಯುವ ಗುಂಪು ಚಟುವಟಿಕೆಯೊಂದರ ಫಲಿತಾಂಶಗಳು 2003ರಲ್ಲಿ ಪ್ರಕಟವಾದವು. ಸಣ್ಣ ಗುಂಪಿನಲ್ಲಿ ಕುಳಿತು ಹಾಡು, ಊಟ, ಬಾಲ್ಯ, ಸುದ್ದಿ ಮುಂತಾದ ವಿಷಯಗಳ ಮೇಲೆ ಮಾತನಾಡಿದವರ ಗ್ರಹಿಕೆಯಲ್ಲೂ ಬದುಕಿನ ಸಮಾಧಾನದಲ್ಲೂ ಅಳತೆಗೆ ಸಿಗುವಷ್ಟು ಸುಧಾರಣೆ ಅದರಲ್ಲಿ ಕಂಡುಬಂದಿತು. ನಿಮ್ಮ ಕಾವ್ಯವಾಚನ ಕೂಟದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ ಅಲ್ಲವೇ?

ನಿಮಗೆ ಯಾವುದು ಕಷ್ಟವಾಗುತ್ತಿದೆ, ಯಾವುದು ಉಳಿದಿದೆ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಈ ಹಂತದಲ್ಲಿ ಮೊದಲು ಪೆಟ್ಟು ಬೀಳುವುದು ಹೊಸದಾಗಿ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಮತ್ತು ಹೆಸರುಗಳನ್ನು ತಕ್ಷಣ ಹೆಕ್ಕಿ ತೆಗೆಯುವ ಶಕ್ತಿಗೆ. ಹಲವು ವರ್ಷ ಕಂಠಪಾಠ ಮಾಡಿದ ಪದ್ಯ, ರಾಗವಾಗಿ ಓದುವ ಅಭ್ಯಾಸ, ದಿನವೂ ನಡೆದ ದಾರಿಯ ಪರಿಚಯ ಇವೆಲ್ಲ ಸಾಮಾನ್ಯವಾಗಿ ಬಹಳ ಕಾಲ ಉಳಿಯುತ್ತವೆ. ಆದ್ದರಿಂದ ಕೂಟದ ಲೆಕ್ಕಪತ್ರ, ಆಹ್ವಾನ, ಸಭಾಂಗಣದ ಏರ್ಪಾಡು ಮುಂತಾದ ಕಾರ್ಯದರ್ಶಿಯ ಕೆಲಸಗಳನ್ನು ಇನ್ನೊಬ್ಬರಿಗೆ ವಹಿಸಿಕೊಡಿ. ವಾಚನವನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಏಳೆಂಟು ಜನ ಒಟ್ಟಿಗೆ ಮಾತನಾಡುವ ಚರ್ಚೆ ನಿಮ್ಮನ್ನು ದಣಿಸುತ್ತದೆ, ಏಕೆಂದರೆ ಒಬ್ಬರ ಮಾತಿನಿಂದ ಇನ್ನೊಬ್ಬರ ಮಾತಿಗೆ ಗಮನವನ್ನು ತಿರುಗಿಸುವುದು ಈ ಕಾಯಿಲೆಯಲ್ಲಿ ಕಠಿಣವಾಗುತ್ತದೆ. ನಂಬಿಕೆಯ ಗೆಳೆಯರೊಬ್ಬರ ಪಕ್ಕದಲ್ಲಿ, ಫ್ಯಾನು ಮತ್ತು ಧ್ವನಿವರ್ಧಕಗಳ ಸದ್ದಿನಿಂದ ದೂರದಲ್ಲಿ ಕುಳಿತುಕೊಳ್ಳಿ. ಸಾಕೆನಿಸಿದಾಗ ಎದ್ದು ಬರುವುದಕ್ಕೆ ಸಂಕೋಚ ಬೇಡ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯು ಡಿಮೆನ್ಷಿಯಾ ಕುರಿತು ರಚಿಸಿದ ತಜ್ಞರ ಆಯೋಗವು 2024ರಲ್ಲಿ ಪಟ್ಟಿ ಮಾಡಿದ 14 ಅಪಾಯಕಾರಕ ಅಂಶಗಳಲ್ಲಿ ಶ್ರವಣದೋಷವೂ ಇದೆ, ಸಾಮಾಜಿಕ ಒಂಟಿತನವೂ ಇದೆ. ಇವೆರಡೂ ಒಂದರ ಬೆನ್ನಿಗೆ ಇನ್ನೊಂದು ಬರುವುದನ್ನು ನಾನು ಅನೇಕರಲ್ಲಿ ನೋಡಿದ್ದೇನೆ. ಕೇಳಿಸದವರು ಮೊದಲು ಮಾತು ಕಡಿಮೆ ಮಾಡುತ್ತಾರೆ, ಆಮೇಲೆ ಹೋಗುವುದನ್ನೇ ಬಿಡುತ್ತಾರೆ.

ತಿಳಿಸಬೇಕೇ ಎಂದು ಕೇಳಿದ್ದೀರಿ. ತಿಳಿಸಿ ಎಂಬುದೇ ನನ್ನ ಸಲಹೆ. ಆದರೆ ಎಲ್ಲರಿಗೂ ಒಂದೇ ದಿನ ಹೇಳಬೇಕಾಗಿಲ್ಲ, ಮೊದಲು ಇಬ್ಬರು ಆಪ್ತರಿಗೆ ಹೇಳಿದರೆ ಸಾಕು. "ನನಗೆ ಮರೆವಿನ ಕಾಯಿಲೆ ಶುರುವಾಗಿದೆ, ಹೆಸರು ತಪ್ಪಿದರೆ ನೀವೇ ಹೇಳಿಬಿಡಿ, ಹೇಳಿದ್ದನ್ನೇ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ" ಎಂಬಷ್ಟು ಮಾತು ಸಾಕಾಗುತ್ತದೆ. ಕಾರಣ ತಿಳಿಯದ ಗೆಳೆಯರು ನಿಮ್ಮ ಮೌನವನ್ನು ಅಸಮಾಧಾನವೆಂದೋ ಅಹಂಕಾರವೆಂದೋ ಅರ್ಥ ಮಾಡಿಕೊಳ್ಳಬಹುದು. ಕಾರಣ ತಿಳಿದವರಲ್ಲಿ ಒಬ್ಬರಾದರೂ ನಾಳೆ ಬೆಳಿಗ್ಗೆ ನಿಮ್ಮ ಮನೆಯ ಬಾಗಿಲಿಗೆ ಬಂದು ವಾಯುವಿಹಾರಕ್ಕೆ ಕರೆಯುತ್ತಾರೆ. ಈ ಅಂಕಣವನ್ನು ಓದುವ ಗೆಳೆಯರಿಗೂ ಬಂಧುಗಳಿಗೂ ಇಲ್ಲಿಯೇ ಒಂದು ವಿನಂತಿ ಮಾಡಿಕೊಳ್ಳುತ್ತೇನೆ. ಮರೆವಿನ ಕಾಯಿಲೆ ಇರುವವರು ಎದುರಾದ ಕೂಡಲೇ "ನಾನು ಯಾರು ಹೇಳಿ ನೋಡೋಣ?" ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅದು ಪ್ರೀತಿಯ ಮಾತೆಂದೇ ಕೇಳುವವರು ತಿಳಿದಿರುತ್ತಾರೆ. ಆದರೆ ಉತ್ತರ ಸಿಗದೆ ನಾಲ್ಕು ಜನರ ಮುಂದೆ ತಡವರಿಸಿದವರು ಮುಂದಿನ ಸಲ ಅಂಥ ಸಮಾರಂಭಕ್ಕೆ ಬರಲೇ ಒಪ್ಪುವುದಿಲ್ಲ. ದಯವಿಟ್ಟು ನಿಮ್ಮ ಹೆಸರನ್ನು ನೀವೇ ಹೇಳಿ ಮಾತು ಆರಂಭಿಸಿ.

ಪ್ರಶ್ನೆ: ನನ್ನ ಅಮ್ಮನಿಗೆ 74 ವರ್ಷ. ಅವರಿಗೆ ಡಿಮೆನ್ಷಿಯಾ ಇರುವುದು ತಿಳಿದು ನಾಲ್ಕು ವರ್ಷವಾಯಿತು. ಪ್ರತಿ ಶುಕ್ರವಾರ ಸಂಜೆ ಬೀದಿಯ ಕೊನೆಯಲ್ಲಿರುವ ದೇವಸ್ಥಾನದ ಭಜನಾ ಮಂಡಳಿಗೆ ಒಬ್ಬರೇ ಹೋಗಿ ಬರುತ್ತಿದ್ದರು. ಎರಡು ತಿಂಗಳ ಹಿಂದೆ ವಾಪಸು ಬರುವಾಗ ದಾರಿ ತಪ್ಪಿ, ರಾತ್ರಿ ಒಂಬತ್ತರ ಹೊತ್ತಿಗೆ ಬಸ್ ನಿಲ್ದಾಣದ ಹತ್ತಿರ ಸಿಕ್ಕರು. ಕಳೆದ ವಾರ ಮಂಡಳಿಯ ಇನ್ನೊಬ್ಬರ ಮೇಲೆ ರೇಗಿದರಂತೆ. ಇನ್ನು ಹೊರಗೆ ಕಳಿಸುವುದೇ ಬೇಡ ಎಂದು ಅಣ್ಣ ಹಟ ಹಿಡಿದಿದ್ದಾನೆ. ಮುಂದಿನ ತಿಂಗಳು ಮನೆತನದಲ್ಲಿ ಮದುವೆಯೂ ಇದೆ. ಅಮ್ಮನನ್ನು ಕರೆದುಕೊಂಡು ಹೋಗುವುದೋ ಬೇಡವೋ ತಿಳಿಯುತ್ತಿಲ್ಲ. – ಮಗಳು, ಶಿವಮೊಗ್ಗ

ಉತ್ತರ: ನಿಮ್ಮ ಅಣ್ಣನವರ ಭಯ ಸಕಾರಣವಾದದ್ದು. ದಾರಿಯನ್ನೂ ದಿಕ್ಕನ್ನೂ ಗುರುತಿಸುವ ಮೆದುಳಿನ ಭಾಗಗಳು ಅಲ್ಝೈಮರ್ ಕಾಯಿಲೆಯಲ್ಲಿ ಬೇಗ ಹಾನಿಗೊಳಗಾಗುವುದರಿಂದ, ಒಮ್ಮೆ ದಾರಿ ತಪ್ಪಿದವರು ಮತ್ತೊಮ್ಮೆ ತಪ್ಪುವ ಸಾಧ್ಯತೆ ಹೆಚ್ಚು. ಹಾಗಾಗಿ ಅಮ್ಮ ಇನ್ನು ಮುಂದೆ ಒಬ್ಬರೇ ಹೋಗುವುದು ಬೇಡ. ಆದರೆ ಜೊತೆಗೆ ಬರುವವರಿದ್ದರೆ ಭಜನೆಯನ್ನು ನಿಲ್ಲಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಮಂಡಳಿಗೆ ಹೋಗುವ ನೆರೆಮನೆಯವರನ್ನು ಕೇಳಿ. ಹೋಗುವಾಗ ಒಬ್ಬರು, ಬರುವಾಗ ಒಬ್ಬರು ಎಂದು ನಿಶ್ಚಯವಾಗಿ ಹೊಣೆ ಹಂಚಿರಬೇಕು. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದುಕೊಂಡ ಕಡೆಯಲ್ಲೇ ವಯಸ್ಸಾದವರು ತಪ್ಪಿಸಿಕೊಳ್ಳುವುದು ಹೆಚ್ಚು. ಮನೆಯವರ ಎರಡು ಫೋನ್ ಸಂಖ್ಯೆಗಳನ್ನು ಕೆತ್ತಿಸಿದ ಪದಕವನ್ನು ಅವರು ಸದಾ ಧರಿಸುವ ಸರಕ್ಕೆ ಸೇರಿಸಿ, ಅಥವಾ ಬಟ್ಟೆಯ ಪಟ್ಟಿಯ ಮೇಲೆ ಬರೆದು ಸೀರೆಯ ಒಳಅಂಚಿಗೆ ಹೊಲಿಯಿರಿ. ಕೈಚೀಲದಲ್ಲಿ ಚೀಟಿ ಇಟ್ಟರೆ ಚೀಲವೇ ಎಲ್ಲೋ ಉಳಿದುಹೋಗಬಹುದು. ಹೊರಡುವ ಮುನ್ನ ಆ ದಿನದ ಸೀರೆ ಕಾಣುವಂತೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಅಕಸ್ಮಾತ್ ಕಾಣೆಯಾದರೆ 112ಕ್ಕೆ ತಡಮಾಡದೆ ಕರೆ ಮಾಡಿ. 24 ಗಂಟೆ ಕಾಯಬೇಕು ಎಂಬ ತಪ್ಪು ಕಲ್ಪನೆಯಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.

ರೇಗಿದ್ದರ ಬಗ್ಗೆ ನಿಮ್ಮ ಪತ್ರದಲ್ಲಿ ಹೆಚ್ಚಿನ ವಿವರವಿಲ್ಲ. ಅಂದು ಏನಾಗಿತ್ತು ಎಂಬುದನ್ನು ಅಲ್ಲಿದ್ದವರಿಂದ ಕೇಳಿ ತಿಳಿದುಕೊಳ್ಳಿ. ಹಾಡಿನ ಸಾಲು ತಪ್ಪಿದಾಗ ಯಾರಾದರೂ ತಿದ್ದಿದರೇ? ಅವರು ಯಾವಾಗಲೂ ಕೂರುವ ಜಾಗದಲ್ಲಿ ಬೇರೆಯವರು ಕುಳಿತಿದ್ದರೇ? ಮೂತ್ರಕ್ಕೆ ಹೋಗಬೇಕೆಂದು ಹೇಳಲು ಮಾತು ಸಿಗದೆ ಒದ್ದಾಡಿದರೇ? ಹೇಳಿಕೊಳ್ಳಲಾಗದ ಅಗತ್ಯವೇ ಎಷ್ಟೋ ಸಲ ಸಿಟ್ಟಾಗಿ ಹೊರಬರುತ್ತದೆ. ನಾಲ್ಕೈದು ದಿನಗಳಲ್ಲೇ ಸ್ವಭಾವ ಹಠಾತ್ತಾಗಿ ಬದಲಾಗಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ, ಮೂತ್ರದ ಸೋಂಕು, ಮಲಬದ್ಧತೆ ಅಥವಾ ಹೊಸ ಮಾತ್ರೆಯ ಪರಿಣಾಮ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಇನ್ನೊಂದು ಅಂಶವೂ ಇದೆ. ಡಿಮೆನ್ಷಿಯಾ ಇರುವ ಅನೇಕರಿಗೆ ಸೂರ್ಯ ಇಳಿಯುವ ಹೊತ್ತಿಗೆ ಗೊಂದಲ ಮತ್ತು ಕಳವಳ ಹೆಚ್ಚಾಗುತ್ತದೆ. ಭಜನೆಯ ಸಮಯವನ್ನು ಮಂಡಳಿಯವರು ಬದಲಿಸಲಾರರು, ಸರಿ. ಮಧ್ಯಾಹ್ನ ಸ್ವಲ್ಪ ಮಲಗಿಸಿ, ಸಂಜೆ ತಿಂಡಿ ಕೊಟ್ಟು, ಕೊನೆಯ ಅರ್ಧ ಗಂಟೆಗೆ ಮಾತ್ರ ಕರೆದೊಯ್ದರೆ ಮಂಗಳಾರತಿಯೂ ಪ್ರಸಾದವೂ ಅವರ ಪಾಲಿಗೆ ಸಿಗುತ್ತದೆ, ದಣಿವೂ ಆಗುವುದಿಲ್ಲ. ಮಾತು ಕ್ಷೀಣಿಸಿದ ಹಂತದಲ್ಲೂ ಪರಿಚಿತ ಹಾಡಿನ ಪಲ್ಲವಿಗೆ ದನಿಗೂಡಿಸುವವರಿದ್ದಾರೆ. ಅಮ್ಮ ತಪ್ಪು ಸಾಲು ಹಾಡಿದರೂ ತಿದ್ದದೆ ಜೊತೆಗೆ ಹಾಡುವಂತೆ ಮಂಡಳಿಯ ಹಿರಿಯರಲ್ಲಿ ನೀವೇ ಕೇಳಿಕೊಳ್ಳಿ.

ಮದುವೆಗೆ ಖಂಡಿತ ಕರೆದುಕೊಂಡು ಹೋಗಿ, ಆದರೆ ಇಡೀ ಮದುವೆಗಲ್ಲ. ಸಂಜೆಯ ಆರತಕ್ಷತೆಯಲ್ಲಿ ದೀಪ, ವಾದ್ಯ, ಸಾಲುಗಟ್ಟಿ ಬಂದು ಮಾತನಾಡಿಸುವ ಜನ ಎಲ್ಲವೂ ಒಮ್ಮೆಗೇ ಮೇಲೆ ಬಿದ್ದಂತಾಗುತ್ತದೆ, ಅದನ್ನು ಬಿಟ್ಟುಬಿಡಿ. ಬೆಳಗಿನ ಮುಹೂರ್ತಕ್ಕೆ ಬಂದು, ಅಕ್ಷತೆ ಹಾಕಿಸಿ, ಮೊದಲ ಪಂಕ್ತಿಯಲ್ಲಿ ಊಟ ಮಾಡಿಸಿ ಹೊರಟುಬಿಡಬಹುದು. ಛತ್ರದಲ್ಲಿ ಒಂದು ಕೋಣೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ, ಶೌಚಾಲಯ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಮನೆಯ ನಾಲ್ವರು ಗಂಟೆಗೊಬ್ಬರಂತೆ ಅಮ್ಮನ ಪಕ್ಕದಲ್ಲಿರುವ ಏರ್ಪಾಡಾದರೆ ನಿಮಗೂ ಮದುವೆ ನೋಡಿದ ಸಮಾಧಾನ ಸಿಗುತ್ತದೆ. ವಧೂವರರನ್ನು ಹಿಂದಿನ ದಿನವೇ ಮನೆಗೆ ಕರೆಸಿ ಅಮ್ಮನಿಂದ ಆಶೀರ್ವಾದ ಮಾಡಿಸುವುದು ಇನ್ನೂ ಒಳ್ಳೆಯದು. ಆಮೇಲೆ ಅದನ್ನು ಅವರು ಮರೆತರೂ, ಆ ಹೊತ್ತಿನ ಸಂತೋಷ ಘಟನೆಯ ನೆನಪಿಗಿಂತ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಅಧ್ಯಯನಗಳೂ ತೋರಿಸಿವೆ.

ಪ್ರಶ್ನೆ: ನಮ್ಮ ತಂದೆ ತೆಂಗು ಬೆಳೆಗಾರರು. ಮರೆವು ಹೆಚ್ಚಾಗಿದ್ದು, ಚಹಾದಂಗಡಿಯಲ್ಲಿ ಒಂದೇ ಲೋಟಕ್ಕೆ ಎರಡೆರಡು ಸಲ ದುಡ್ಡು ಕೊಟ್ಟು ಬರುತ್ತಾರೆ. ಕೇಳಿದವರಿಗೆಲ್ಲ ಸಾಲ ಕೊಟ್ಟಿರುವುದೂ ಗೊತ್ತಾಗಿದೆ. ದಿನವೂ ಅರಳಿಕಟ್ಟೆಗೆ, ವಾರಕ್ಕೊಮ್ಮೆ ಸಂತೆಗೆ ಹೋಗದಿದ್ದರೆ ಅವರಿಗೆ ಆಗುವುದಿಲ್ಲ. ಬೆಂಗಳೂರಿಗೆ ನಮ್ಮ ಮನೆಗೆ ಕರೆದುಕೊಂಡು ಬರುವುದು ಸರಿಯೇ? – ಮಗ, ತಿಪಟೂರು ತಾಲ್ಲೂಕಿನವರು

ಉತ್ತರ: ಊರಿನಲ್ಲಿ ಅವರನ್ನು ನೋಡಿಕೊಳ್ಳುವವರು ಇರುವಷ್ಟು ಕಾಲ ಕರೆತರಬೇಡಿ. ಎಪ್ಪತ್ತು ವರ್ಷ ಓಡಾಡಿದ ಊರಿನಲ್ಲಿ ಅವರ ಕಾಲುಗಳಿಗೇ ದಾರಿ ಗೊತ್ತಿರುತ್ತದೆ, ಎದುರಾಗುವ ಪ್ರತಿಯೊಬ್ಬರಿಗೂ ಅವರು ಯಾರ ಮನೆಯವರೆಂದು ತಿಳಿದಿರುತ್ತದೆ. ಒಂದೇ ಬಗೆಯ ಬಾಗಿಲುಗಳಿರುವ ಅಪಾರ್ಟ್‌ಮೆಂಟಿಗೆ ತಂದಿಟ್ಟರೆ ಈಗ ಉಳಿದಿರುವ ಸಾಮರ್ಥ್ಯವೂ ಕೆಲವೇ ವಾರಗಳಲ್ಲಿ ಕುಸಿದಂತೆ ಕಾಣುತ್ತದೆ. ಅರಳಿಕಟ್ಟೆಯಂಥ ಜಾಗವನ್ನು ಯಾವ ಆಸ್ಪತ್ರೆಯೂ ಕಟ್ಟಿಕೊಡಲಾರದು. ಕೂರಲು ನೆರಳಿದೆ, ಪರಿಚಿತ ಮುಖಗಳಿವೆ, ಮಾತನಾಡಲೇಬೇಕೆಂಬ ಒತ್ತಾಯವಿಲ್ಲ, ಬೇಕೆಂದಾಗ ಎದ್ದು ಹೋಗಬಹುದು.

ದುಡ್ಡಿನ ಸಮಸ್ಯೆಯನ್ನು ದುಡ್ಡಿನ ದಾರಿಯಲ್ಲೇ ಪರಿಹರಿಸಿ. ಅಂಗಡಿಯವರೊಂದಿಗೆ ಮಾತನಾಡಿ ತಿಂಗಳ ಲೆಕ್ಕ ಬರೆಸಿ, ತೀರಿಸುವುದನ್ನು ನೀವು ಮಾಡಿ; ಜೇಬಿನಲ್ಲಿ ಮಾತ್ರ ಚಿಲ್ಲರೆ ದುಡ್ಡು ಇರಲಿ, ಏಕೆಂದರೆ ಬರಿಜೇಬಿನಲ್ಲಿ ಹೊರಗೆ ಹೋಗುವುದು ಜೀವಮಾನವಿಡೀ ದುಡಿದವರಿಗೆ ಅವಮಾನವೆನಿಸುತ್ತದೆ. ಸಂತೆಗೆ ಜನ ಸೇರುವ ಮೊದಲು, ಬೆಳಿಗ್ಗೆ ಬೇಗ, ಮನೆಯವರೊಬ್ಬರು ಜೊತೆಗಿದ್ದು ಕರೆದೊಯ್ಯಲಿ; ತರಕಾರಿ ಆರಿಸುವ ಕೆಲಸ ಅವರದೇ ಆಗಿರಲಿ. ಮೋಟಾರು ಬೈಕನ್ನು ಅವರು ಇನ್ನೂ ಓಡಿಸುತ್ತಿದ್ದರೆ ಅದನ್ನು ತಡಮಾಡದೆ ನಿಲ್ಲಿಸಬೇಕು. ಜಮೀನು ಮತ್ತು ಬ್ಯಾಂಕಿನ ಕಾಗದಪತ್ರಗಳ ಬಗ್ಗೆ, ಅವರು ವಿಷಯವನ್ನು ಗ್ರಹಿಸಿ ಒಪ್ಪಿಗೆ ಕೊಡಬಲ್ಲ ಸ್ಥಿತಿಯಲ್ಲಿರುವಾಗಲೇ, ಅವರನ್ನೂ ಕೂರಿಸಿಕೊಂಡು ವಕೀಲರ ಸಲಹೆ ಪಡೆಯಿರಿ. ಕಾಯಿಲೆ ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲವೆಂದು ಪತ್ರದಿಂದ ತೋರುತ್ತದೆ. ಅರಳುಮರಳು ಎಂದು ತಳ್ಳಿಹಾಕದೆ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ ಮತ್ತು ಖಿನ್ನತೆಯಿಂದ ಬರುವ ಮರೆವಿಗೆ ಚಿಕಿತ್ಸೆ ಇದೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಾವನವರಿಗೆ ಡಿಮೆನ್ಷಿಯಾ ಇದ್ದು, ಹಗಲೆಲ್ಲ ಟಿವಿ ಮುಂದೆ ಕುಳಿತಿರುತ್ತಾರೆ. ಹಗಲು ಆರೈಕೆ ಕೇಂದ್ರಕ್ಕೆ ಕಳುಹಿಸೋಣವೆಂದರೆ "ವೃದ್ಧಾಶ್ರಮಕ್ಕೆ ಹಾಕಿದ ಹಾಗೆ" ಎಂದು ನಾದಿನಿ ಬೇಸರಪಡುತ್ತಾರೆ. – ಸೊಸೆ, ಬೆಂಗಳೂರು

ಉತ್ತರ: ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ವ್ಯವಸ್ಥೆ ಅದು. ನಿಮ್ಮ ನಾದಿನಿಯವರನ್ನೂ ಕರೆದುಕೊಂಡು ಒಂದು ದಿನ ಕೇಂದ್ರದಲ್ಲಿ ಕುಳಿತು ನೋಡಿ. ನೂರು ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಆರೈಕೆಯಲ್ಲಿ ತೊಡಗಿಕೊಂಡಿದೆ. 1992ರಲ್ಲಿ ಕೇರಳದಲ್ಲಿ ಆರಂಭವಾದ ಅಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾದ ಶಾಖೆಯೂ ಇಲ್ಲಿದೆ. ನಿಮ್ಹಾನ್ಸ್‌ನಲ್ಲಿ ಹಿರಿಯರ ಮಾನಸಿಕ ಆರೋಗ್ಯದ ತಜ್ಞರಿದ್ದಾರೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ.

ಕೇಂದ್ರವನ್ನು ಆರಿಸುವಾಗ ಕಟ್ಟಡದ ಅಂದಕ್ಕೆ ಮರುಳಾಗಬೇಡಿ. ಸಿಬ್ಬಂದಿ ಮಾವನವರೊಂದಿಗೆ ಕನ್ನಡದಲ್ಲಿ ಮಾತನಾಡುತ್ತಾರೆಯೇ, ಅವರನ್ನು ಮಗುವಿನಂತೆ ಮುದ್ದುಗರೆಯದೆ ಹಿರಿಯರಂತೆ ಗೌರವಿಸುತ್ತಾರೆಯೇ, ಎಲ್ಲರನ್ನೂ ಅಲ್ಲಿಯೂ ಟಿವಿ ಮುಂದೆಯೇ ಕೂರಿಸಿರುತ್ತಾರೆಯೇ ಎಂಬುದನ್ನು ಗಮನಿಸಿ. ಮೊದಲ ಕೆಲವು ದಿನ ಅರ್ಧ ದಿನ ಮಾತ್ರ ಕಳುಹಿಸಿ, ಮನೆಯವರೊಬ್ಬರು ಜೊತೆಗಿರಿ. ಹೊಂದಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ, ಎರಡನೆಯ ದಿನವೇ "ಹೋಗುವುದಿಲ್ಲ" ಎಂದರೆಂದು ಕೈಬಿಡಬೇಡಿ. ಕೇಂದ್ರ ದೂರವಾದರೆ ಇನ್ನೊಂದು ಮಾದರಿಯಿದೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ 1997ರಲ್ಲಿ ಬೆರೆ ಮೀಸೆನ್ ಎಂಬ ಮನೋವಿಜ್ಞಾನಿ, ಕಾಯಿಲೆ ಇರುವವರೂ ಮನೆಯವರೂ ಒಟ್ಟಿಗೆ ಬಂದು ಕಾಫಿ ಕುಡಿಯುತ್ತಾ ಮಾತನಾಡುವ ಅಲ್ಝೈಮರ್ ಕೆಫೆಯನ್ನು ಆರಂಭಿಸಿದರು. ಅದು ಈಗ ಹಲವು ದೇಶಗಳಿಗೆ ಹಬ್ಬಿದೆ. ನಿಮ್ಮ ಬಡಾವಣೆಯ ಉದ್ಯಾನವನದಲ್ಲೋ ಸಂಘದ ಕೊಠಡಿಯಲ್ಲೋ ಮೂರು ನಾಲ್ಕು ಕುಟುಂಬಗಳು ಸೇರಿ ತಿಂಗಳಿಗೊಮ್ಮೆ ಇಂಥದ್ದನ್ನು ನಡೆಸಬಹುದು.

ಪ್ರಶ್ನೆ: ನನ್ನ ಪತಿಗೆ 59 ವರ್ಷ. ಅವರಿಗೆ ಇರುವುದು ಫ್ರಂಟೊಟೆಂಪೊರಲ್ ಡಿಮೆನ್ಷಿಯಾ. ನೆನಪು ಚೆನ್ನಾಗಿಯೇ ಇದೆ, ಆದರೆ ಹೋಟೆಲಿನಲ್ಲಿ ಪಕ್ಕದವರ ತಟ್ಟೆಗೆ ಕೈ ಹಾಕುತ್ತಾರೆ, ಅಪರಿಚಿತರಿಗೆ ಏನೇನೋ ಹೇಳಿಬಿಡುತ್ತಾರೆ. ನಾಚಿಕೆಯಿಂದ ನಾನು ಎಲ್ಲಿಗೂ ಹೋಗುತ್ತಿಲ್ಲ. ನನ್ನ ಸಂಗೀತ ತರಗತಿಯನ್ನೂ ನಿಲ್ಲಿಸಿದ್ದೇನೆ. – ಗೃಹಿಣಿ, ಉಡುಪಿ

ಉತ್ತರ: ಅಮ್ಮಾ, ಮೆದುಳಿನ ಮುಂಭಾಗ ಕ್ಷೀಣಿಸುವ ಈ ಬಗೆಯಲ್ಲಿ ಕಳೆದುಹೋಗುವುದು ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ. ಅವರು ಬೇಕೆಂದು ಹಾಗೆ ಮಾಡುತ್ತಿಲ್ಲ, ಬುದ್ಧಿ ಹೇಳಿದರೆ ಸರಿಹೋಗುವುದೂ ಇಲ್ಲ. "ಇವರಿಗೆ ಮೆದುಳಿನ ಕಾಯಿಲೆ ಇದೆ, ದಯವಿಟ್ಟು ಸಹಕರಿಸಿ" ಎಂದು ಬರೆದ ಸಣ್ಣ ಕಾರ್ಡುಗಳನ್ನು ಮಾಡಿಸಿ ಚೀಲದಲ್ಲಿಟ್ಟುಕೊಳ್ಳಿ. ಅವರ ಎದುರಿಗೇ ಕಾಯಿಲೆಯನ್ನು ವಿವರಿಸಿ ನೋಯಿಸಬೇಕಾಗಿಲ್ಲ, ಎದುರಿನವರ ಕೈಗೆ ಮೌನವಾಗಿ ಕಾರ್ಡು ಕೊಟ್ಟರೆ ಸಾಕು, ಹೆಚ್ಚಿನ ಜನ ಅರ್ಥ ಮಾಡಿಕೊಳ್ಳುತ್ತಾರೆ. ಹೋಟೆಲಿಗೆ ಜನವಿಲ್ಲದ ಹೊತ್ತಿನಲ್ಲಿ ಹೋಗಿ, ಮೂಲೆಯ ಮೇಜಿನಲ್ಲಿ ಅವರನ್ನು ಗೋಡೆಯ ಕಡೆಗೆ ಕೂರಿಸಿ, ತಿನ್ನುವುದನ್ನು ಕಾಯಿಸದೆ ತರಿಸಿ. ಮಾತಿಗಿಂತ ನಡಿಗೆ ಮುಖ್ಯವಾಗಿರುವ ಕಡೆಗಳು, ಅಂದರೆ ಬೆಳಗಿನ ಕಡಲತೀರ, ಜನಸಂದಣಿ ಕರಗಿದ ಮೇಲಿನ ರಥಬೀದಿ ಮುಂತಾದವು ಅವರಿಗೆ ಹೆಚ್ಚು ಒಗ್ಗುತ್ತವೆ.

ನಿಮ್ಮ ಸಂಗೀತ ತರಗತಿಯ ವಿಷಯವನ್ನು ನೀವು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಚಿಂತೆ ಉಂಟುಮಾಡಿತು. ಈ ಕಾಯಿಲೆ ವರ್ಷಗಳ ಕಾಲ ನಡೆಯುವಂಥದ್ದು. ನೋಡಿಕೊಳ್ಳುವವರು ಒಂಟಿಯಾಗಿ ಕುಸಿದರೆ ಇಬ್ಬರೂ ಕುಸಿಯುತ್ತಾರೆ. ಮೈದುನನೋ ನಾದಿನಿಯೋ ಮಕ್ಕಳೋ, ಯಾರಾದರೊಬ್ಬರು ವಾರದಲ್ಲಿ ಒಂದು ನಿಗದಿತ ದಿನ ಎರಡು ಗಂಟೆ ಅವರೊಂದಿಗೆ ಇರಲಿ. "ಸಾಧ್ಯವಾದಾಗ ಬನ್ನಿ" ಎಂದು ಕೇಳಬೇಡಿ, ದಿನವನ್ನೂ ಸಮಯವನ್ನೂ ಹೇಳಿಯೇ ಕೇಳಿ. ಮನಸ್ಸು ತೀರ ಭಾರವಾದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತರಗತಿಗೆ ಮಾತ್ರ ಬರುವ ವಾರದಿಂದಲೇ ಹೋಗಲು ಆರಂಭಿಸಿ. ನಿಮ್ಮ ಗುರುಗಳಿಗೆ ಮನೆಯ ಪರಿಸ್ಥಿತಿಯನ್ನು ಮೊದಲೇ ತಿಳಿಸಿದ್ದರೆ, ಒಮ್ಮೊಮ್ಮೆ ತಪ್ಪಿದರೂ ಅವರು ಬೇರೆ ಅರ್ಥ ಮಾಡಿಕೊಳ್ಳುವುದಿಲ್ಲ.